ರಷ್ಯಾದ ಹಳೆಯ ಬೆಳ್ಳಿ: ಮುದ್ರೆಗಳು ಒಂದಕ್ಕೊಂದು ಹೊಂದುತ್ತವೆಯೇ?

ಕೌತುಕಿ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಯುರೋಪಿನ ಆನ್‌ಲೈನ್ ಹರಾಜೊಂದರಲ್ಲಿ ಎನಾಮೆಲ್ ಅಲಂಕಾರವಿರುವ, ಕೊವ್ಶ್ ಎಂದು ಕರೆಯುವ ಒಂಟಿ ಹಿಡಿಯ ರಷ್ಯನ್ ಪಾನಪಾತ್ರೆಯೊಂದು ಮಾರಾಟಕ್ಕಿದೆ. ರಷ್ಯಾದ ಚಕ್ರವರ್ತಿಗಳಿಗೆ ಆಭರಣ ಮಾಡಿಕೊಡುತ್ತಿದ್ದ ಫಾಬೆರ್ಜೆ ಸಂಸ್ಥೆಗಾಗಿ ಮಿಖಾಯಿಲ್ ಪೆರ್ಖಿನ್ 1890ರ ದಶಕದಲ್ಲಿ ಮಾಡಿದ್ದು ಎಂಬುದು ಮಾರಾಟಗಾರರ ವಿವರಣೆ. ತಳದಲ್ಲಿ ಮೂರು ಮುದ್ರೆಗಳಿವೆ. ಮೊದಲನೆಯದು ಎರಡು ತಲೆಯ ಹದ್ದು ಮತ್ತು ಅದರ ಕೆಳಗೆ ರಷ್ಯನ್ ಲಿಪಿಯಲ್ಲಿ 'ಕೆ. ಫಾಬೆರ್ಜೆ' ಎಂಬ ಹೆಸರು. ಎರಡನೆಯದು 'ಎಂ.ಪಿ.' ಎಂದು ಓದಬಹುದಾದ ರಷ್ಯನ್ ಅಕ್ಷರಗಳು. ಮೂರನೆಯದು ಅಂಡಾಕಾರದ ಚೌಕಟ್ಟು. ಅದರೊಳಗೆ ಕಿರೀಟದಂತಹ ಶಿರೋಭೂಷಣ ತೊಟ್ಟು ಬಲಕ್ಕೆ ಮುಖ ಮಾಡಿದ ಹೆಣ್ಣಿನ ತಲೆ, 84 ಎಂಬ ಅಂಕಿ ಮತ್ತು ಚಿಕ್ಕ ತ್ರಿಕೋನದಂತಹ ಅಕ್ಷರ. 84 ಎಂದರೆ ನೂರಕ್ಕೆ ಎಂಬತ್ತನಾಲ್ಕು ಭಾಗ ಬೆಳ್ಳಿಯೇ? ಮುದ್ರೆಗಳು ಸ್ಪಷ್ಟವಾಗಿಯೇ ಇವೆ, ಆದರೂ ಬೆಲೆ ಅನುಮಾನ ಬರುವಷ್ಟು ಕಡಿಮೆ. ತಿಳಿದವರು ಅಭಿಪ್ರಾಯ ಹೇಳಬೇಕೆಂದು ಕೋರುತ್ತೇನೆ.

ಹಳೆಮೊಹರು ಉತ್ತರಿಸಿದ್ದು:

ಮೊದಲು ಅಂಕಿಯ ವಿಷಯ. ಅದು ಶೇಕಡಾ ಲೆಕ್ಕವಲ್ಲ. ಚಕ್ರವರ್ತಿಗಳ ಕಾಲದ ರಷ್ಯಾದಲ್ಲಿ ಲೋಹದ ಶುದ್ಧತೆಯನ್ನು ಜೊಲೊತ್ನಿಕ್ ಎಂಬ ತೂಕದ ಮಾನದಲ್ಲಿ ಹೇಳುತ್ತಿದ್ದರು. ಒಂದು ರಷ್ಯನ್ ಪೌಂಡಿಗೆ 96 ಜೊಲೊತ್ನಿಕ್, ಹಾಗಾಗಿ 96 ಎಂದರೆ ಅಪ್ಪಟ ಬೆಳ್ಳಿ. 84 ಎಂದರೆ 96ರಲ್ಲಿ 84 ಭಾಗ, ಅಂದರೆ ಸಾವಿರಕ್ಕೆ 875. ಚಿನ್ನದ ಕ್ಯಾರಟ್ ಲೆಕ್ಕ ಬಲ್ಲ ನಮಗೆ ಇದು ಸುಲಭ: 24ರಲ್ಲಿ 21ರಷ್ಟೇ ಪ್ರಮಾಣ. 88 ಎಂದರೆ ಸುಮಾರು 916, 91 ಎಂದರೆ ಸುಮಾರು 948. ಅತಿ ಹೆಚ್ಚು ಕಾಣಸಿಗುವುದು 84. ರಷ್ಯಾದ ಪ್ರಭಾವದಿಂದ ಇರಾನಿನಲ್ಲಿಯೂ ಬೆಳ್ಳಿಗೆ 84ರ ಗುರುತು ಬಳಕೆಗೆ ಬಂತು, ಆದ್ದರಿಂದ ಈ ಅಂಕಿ ಒಂದೇ ಇದ್ದರೆ ವಸ್ತು ರಷ್ಯಾದ್ದೆಂದು ಕೂಡ ಹೇಳಲಾಗದು.

ಇನ್ನು ನಿಮ್ಮ ಮೂರು ಮುದ್ರೆಗಳು. ಒಂದೊಂದನ್ನೂ ಬೇರೆಯಾಗಿ ನೋಡಿದರೆ ಮೂರೂ ಇತಿಹಾಸದಲ್ಲಿ ನಿಜವಾಗಿ ಇದ್ದಂಥವೇ. ತೊಂದರೆ ಇರುವುದು ಅವು ಒಂದೇ ಪಾತ್ರೆಯ ಮೇಲೆ ಕೂಡಿರುವುದರಲ್ಲಿ. ಹೆಣ್ಣಿನ ತಲೆಯ ಮುದ್ರೆಯನ್ನು ಆಕೆಯ ಶಿರೋಭೂಷಣದ ಹೆಸರಿನಿಂದ ಕೊಕೋಶ್ನಿಕ್ ಎಂದು ಕರೆಯುತ್ತಾರೆ. ಇದು 1899ರಿಂದ ಬಳಕೆಗೆ ಬಂತು; ಆಗ ತಲೆ ಎಡಕ್ಕೆ ಮುಖ ಮಾಡಿತ್ತು ಮತ್ತು ಜೊತೆಯಲ್ಲಿ ಆಯಾ ವಲಯದಲ್ಲಿ ಲೋಹದ ಶುದ್ಧತೆ ನೋಡುವ ಪರೀಕ್ಷಾಧಿಕಾರಿಯ ಹೆಸರಿನ ಮೊದಲಕ್ಷರಗಳಿರುತ್ತಿದ್ದವು. ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಯಾಕೊವ್ ಲ್ಯಾಪುನೊವ್, ಅವರ ನಂತರ ರಿಖ್ಟರ್, ಮಾಸ್ಕೋದಲ್ಲಿ ಇವಾನ್ ಲೆಬೆಡ್ಕಿನ್ ಅವರ ಅಕ್ಷರಗಳನ್ನು ಕಾಣುತ್ತೇವೆ. 1908ರಲ್ಲಿ ತಲೆಯನ್ನು ಬಲಕ್ಕೆ ತಿರುಗಿಸಿ, ಅಧಿಕಾರಿಯ ಅಕ್ಷರಗಳ ಬದಲು ವಲಯವನ್ನು ಸೂಚಿಸುವ ಒಂದು ಗ್ರೀಕ್ ಅಕ್ಷರವನ್ನು ಇರಿಸಿದರು. ಪೀಟರ್ಸ್‌ಬರ್ಗಿಗೆ ಆಲ್ಫಾ, ಮಾಸ್ಕೋಗೆ ಡೆಲ್ಟಾ. ನೀವು ಕಂಡ ತ್ರಿಕೋನ ಆ ಡೆಲ್ಟಾ.

ಪೆರ್ಖಿನ್ ಫಾಬೆರ್ಜೆಯ ಪೀಟರ್ಸ್‌ಬರ್ಗ್ ಕಾರ್ಯಾಗಾರದ ಮುಖ್ಯ ಕುಶಲಕರ್ಮಿಯಾಗಿದ್ದವರು, 1903ರಲ್ಲಿ ತೀರಿಕೊಂಡರು. ಅವರ ಸ್ಥಾನಕ್ಕೆ ಹೆನ್ರಿಕ್ ವಿಗ್‌ಸ್ಟ್ರೋಮ್ ಬಂದರು. 1903ರಲ್ಲಿ ತೀರಿಕೊಂಡವರ ಪಾತ್ರೆ 1908ರ ನಂತರದ ಮುದ್ರೆಯನ್ನು, ಅದೂ ಪೀಟರ್ಸ್‌ಬರ್ಗ್ ಬಿಟ್ಟು ಮಾಸ್ಕೋ ವಲಯದ ಮುದ್ರೆಯನ್ನು ಪಡೆದದ್ದು ಹೇಗೆ? ಮಾರಾಟಗಾರರು ಹೇಳುವಂತೆ 1890ರ ದಶಕದ ಪೀಟರ್ಸ್‌ಬರ್ಗಿನ ಕೆಲಸವೇ ಆಗಿದ್ದರೆ ಅಲ್ಲಿ ಹೆಣ್ಣಿನ ತಲೆಯೇ ಇರಬಾರದು. ಅಡ್ಡಹಾಯ್ದ ಎರಡು ಲಂಗರುಗಳ ನಡುವೆ ರಾಜದಂಡವಿರುವ ಆ ನಗರದ ಲಾಂಛನ ಇರಬೇಕಿತ್ತು. ಇದರ ಮೇಲೆ, ಹದ್ದಿನ ಕೆಳಗೆ 'ಕೆ. ಫಾಬೆರ್ಜೆ' ಎಂದು ಪೂರ್ಣವಾಗಿ ಒತ್ತುವುದು ಸಾಮಾನ್ಯವಾಗಿ ಮಾಸ್ಕೋ ಶಾಖೆಯ ರೂಢಿ. ಪೀಟರ್ಸ್‌ಬರ್ಗಿನಲ್ಲಿ ಕುಶಲಕರ್ಮಿಯ ಅಕ್ಷರಗಳ ಜೊತೆಗೆ ಬರಿಯ 'ಫಾಬೆರ್ಜೆ' ಎಂದಿರುವುದೇ ಹೆಚ್ಚು. ಈ ಕೊನೆಯ ಅಂಶಕ್ಕೆ ಅಪವಾದಗಳಿವೆ, ಮೊದಲಿನವಕ್ಕೆ ಇಲ್ಲ. ಈ ಪಾತ್ರೆಯನ್ನು ನಾನಂತೂ ಕೊಳ್ಳುವುದಿಲ್ಲ.

ಲಿಪಿಕಾರ ಉತ್ತರಿಸಿದ್ದು:

ಮೇಲಿನ ವಿವರಣೆಗೆ ಲಿಪಿಯ ದೃಷ್ಟಿಯಿಂದ ಒಂದೆರಡು ಮಾತು ಸೇರಿಸುತ್ತೇನೆ. ರಷ್ಯನ್ ಬಾರದವರು ಮುದ್ರೆಯನ್ನು ಇಂಗ್ಲಿಷ್ ಅಕ್ಷರಗಳೆಂದು ಭಾವಿಸಿ ಓದಿ ತಪ್ಪು ಹೆಸರಿಗೆ ಹೋಗುವುದುಂಟು. ಇಂಗ್ಲಿಷಿನ 'ಪಿ'ಯಂತೆ ಕಾಣುವ ಅಕ್ಷರ ರಷ್ಯನ್ನಿನಲ್ಲಿ 'ರ'ಕಾರ. ಆದ್ದರಿಂದ ರಿಖ್ಟರ್ ಅವರ ಮುದ್ರೆ 'ಎ.ಪಿ.' ಎಂದು ಕಾಣುತ್ತದೆ. ರಷ್ಯನ್ನಿನ ನಿಜವಾದ 'ಪ'ಕಾರವು ಎರಡು ಕಂಬಗಳ ಮೇಲೆ ಅಡ್ಡತೊಲೆಯಿಟ್ಟ ಆಕಾರದಲ್ಲಿರುತ್ತದೆ. ಪೆರ್ಖಿನ್ ಹೆಸರಿನ ಮುದ್ರೆಯಲ್ಲಿ ಇಂಗ್ಲಿಷಿನ 'ಪಿ' ಕಂಡರೆ ಅದನ್ನು ಕೆತ್ತಿದವರಿಗೆ ರಷ್ಯನ್ ಬರುತ್ತಿರಲಿಲ್ಲವೆಂದು ತಿಳಿಯಬಹುದು.

ಇನ್ನೊಂದು ಗುರುತು ಹಳೆಯ ಕಾಗುಣಿತ. 1918ರ ಕಾಗುಣಿತ ಸುಧಾರಣೆಯವರೆಗೆ ವ್ಯಂಜನದಲ್ಲಿ ಮುಗಿಯುವ ಪುಲ್ಲಿಂಗ ಹೆಸರುಗಳ ಕೊನೆಗೆ ಉಚ್ಚಾರವಿಲ್ಲದ 'ಯೆರ್' ಎಂಬ ಅಕ್ಷರವನ್ನು ತಪ್ಪದೆ ಬರೆಯುತ್ತಿದ್ದರು. ಒವ್ಚಿನ್ನಿಕೊವ್, ಖ್ಲೆಬ್ನಿಕೊವ್, ಸಾಜಿಕೊವ್ ಮೊದಲಾದ ಸಂಸ್ಥೆಗಳ ಹೆಸರನ್ನು ಪೂರ್ಣವಾಗಿ ಒತ್ತಿದ್ದರೆ ಕೊನೆಯಲ್ಲಿ ಆ ಅಕ್ಷರ ಇರಲೇಬೇಕು. ಖ್ಲೆಬ್ನಿಕೊವ್ ಹೆಸರಿನ ನಡುವೆ ಈಗ ಬಳಕೆಯಲ್ಲಿಲ್ಲದ 'ಯಾತ್' ಎಂಬ ಅಕ್ಷರವೂ ಬರುತ್ತದೆ. ಇಂದಿನ ಕಾಗುಣಿತದಲ್ಲಿ ಒತ್ತಿದ ಖ್ಲೆಬ್ನಿಕೊವ್ ಮುದ್ರೆಗಳು ಮಾರುಕಟ್ಟೆಯಲ್ಲಿ ಧಾರಾಳವಾಗಿವೆ. ಆದರೆ ಫಾಬೆರ್ಜೆ ಎಂಬ ಹೆಸರು ಸ್ವರದಲ್ಲಿ ಮುಗಿಯುವುದರಿಂದ ಈ ಪರೀಕ್ಷೆ ಅಲ್ಲಿ ನಡೆಯದು. ನಕಲು ಮಾಡುವವರಿಗೆ ಆ ಹೆಸರು ಪ್ರಿಯವಾಗಲು ಇದೂ ಒಂದು ಕಾರಣವೋ ಏನೋ!

ಕುಲುಮೆಮನೆ ಉತ್ತರಿಸಿದ್ದು:

ನಾನು ಬೆಳ್ಳಿ ಕೆಲಸದವನು. ಅಕ್ಷರಗಳ ಬಗ್ಗೆ ಮೇಲಿನವರಷ್ಟು ತಿಳಿಯದು, ಆದರೆ ಲೋಹದ ಮೇಲೆ ಅಚ್ಚು ಹೇಗೆ ಬೀಳುತ್ತದೆ ಎಂಬುದು ಗೊತ್ತು. ಉಕ್ಕಿನ ಅಚ್ಚನ್ನು ಸುತ್ತಿಗೆಯಿಂದ ಹೊಡೆದಾಗ ಬೆಳ್ಳಿ ಬದಿಗೆ ಒತ್ತರಿಸಿಕೊಂಡು ಹೋಗುತ್ತದೆ. ಅಂಚು ಹರಿತವಾಗಿ, ತಳ ಸಮತಟ್ಟಾಗಿ ಉಳಿಯುತ್ತದೆ. ಕೈಯಿಂದ ಹೊಡೆಯುವುದರಿಂದ ಒಂದು ಬದಿ ಆಳ, ಇನ್ನೊಂದು ಬದಿ ತೆಳು ಆಗುವುದು ಸಹಜ. ತಗಡು ತೆಳ್ಳಗಿದ್ದರೆ ಹಿಂಬದಿಯಲ್ಲಿ ಸಣ್ಣ ಉಬ್ಬು ಕಾಣುತ್ತದೆ, ಅಥವಾ ಅದನ್ನು ತಟ್ಟಿ ಸರಿಪಡಿಸಿದ ಗುರುತಾದರೂ ಇರುತ್ತದೆ.

ಅಸಲಿ ಪಾತ್ರೆಯಿಂದ ಪಡಿಯಚ್ಚು ತೆಗೆದು ಎರಕ ಹೊಯ್ದಾಗ ಮುದ್ರೆಯೂ ಎರಕದೊಂದಿಗೇ ಬಂದುಬಿಡುತ್ತದೆ. ಅಂತಹ ಮುದ್ರೆ ಬಳಸಿ ಸವೆದ ಸಾಬೂನಿನ ಮೇಲಿನ ಅಕ್ಷರದಂತೆ ಮೊಂಡಾಗಿರುತ್ತದೆ, ಮತ್ತು ಅದರ ತಳದಲ್ಲಿ ಎರಕದ ಸೂಜಿರಂಧ್ರಗಳು ಭೂತಗನ್ನಡಿಯಲ್ಲಿ ಕಾಣುತ್ತವೆ. ಬೆಳ್ಳಿ ತಣಿಯುವಾಗ ಕುಗ್ಗುವುದರಿಂದ ಮುದ್ರೆ ಅಸಲಿಗಿಂತ ಕೂದಲೆಳೆಯಷ್ಟು ಚಿಕ್ಕದೂ ಆಗಿರುತ್ತದೆ. ಆರು ಚಮಚಗಳ ಜೊತೆಯಲ್ಲಿ ಆರರ ಮೇಲೂ ಮುದ್ರೆ ಒಂದೇ ಜಾಗದಲ್ಲಿ, ಒಂದೇ ಓರೆಯಲ್ಲಿ, ಒಂದೇ ಗೀರಿನೊಂದಿಗೆ ಬಂದಿದ್ದರೆ ಬೇರೆ ಪರೀಕ್ಷೆಯೇ ಬೇಡ.

ಇದಕ್ಕಿಂತ ಜಾಣತನದ ಮೋಸವೆಂದರೆ ಮುರಿದ ಚಮಚದಿಂದ ನಿಜವಾದ ಮುದ್ರೆಯಿರುವ ತುಂಡನ್ನು ಕತ್ತರಿಸಿ ಹೊಸ ಪಾತ್ರೆಯ ತಳಕ್ಕೆ ಬೆಸೆಯುವುದು. ಇಲ್ಲಿ ಮುದ್ರೆ ಅಸಲಿ, ಪಾತ್ರೆ ನಕಲಿ. ತಳದ ಮೇಲೆ ಬಾಯಿಂದ ಉಸಿರು ಊದಿದರೆ ಮಂಜು ಕಟ್ಟಿದ ಆ ಕ್ಷಣದಲ್ಲಿ ಬೆಸುಗೆಯ ಗೆರೆ ಕೆಲವೊಮ್ಮೆ ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತದೆ. ತಳಕ್ಕೆಲ್ಲ ದಪ್ಪವಾಗಿ ಚಿನ್ನದ ಗಿಲೀಟು ಹಾಕಿದ್ದರೆ ಅದು ಯಾವುದನ್ನು ಮುಚ್ಚಲು ಎಂದು ಕೇಳಿಕೊಳ್ಳಬೇಕು.

ಬಿಡಿಭಾಗಗಳನ್ನೂ ಮರೆಯಬಾರದು. ರಷ್ಯಾದಲ್ಲಿ ಕಳಚಬಹುದಾದ ಮುಚ್ಚಳ, ಒಳಬಟ್ಟಲು ಮುಂತಾದವಕ್ಕೂ ಬೇರೆಯಾಗಿ ಚಿಕ್ಕ ಮುದ್ರೆ ಹಾಕುವ ಪದ್ಧತಿಯಿತ್ತು. ಚಹಾದ ಹೂಜಿಯ ತಳದಲ್ಲಿ ಎಲ್ಲ ಮುದ್ರೆಗಳಿದ್ದು ಮುಚ್ಚಳ ಬೋಳಾಗಿದ್ದರೆ ಆ ಮುಚ್ಚಳವಾದರೂ ಆಮೇಲಿನದು.

ಪ್ರತಿವಾದಿ ಉತ್ತರಿಸಿದ್ದು:

ಇಲ್ಲಿಯ ಮಾತುಗಳನ್ನು ಗೌರವಿಸುತ್ತಲೇ ಒಂದು ಆಕ್ಷೇಪ ಎತ್ತುತ್ತೇನೆ. ನಿಯಮಕ್ಕೆ ಹೊಂದದ ಪ್ರತಿಯೊಂದು ವಸ್ತುವನ್ನೂ ನಕಲಿ ಎನ್ನುತ್ತಾ ಹೋದರೆ ಅಸಲಿ ವಸ್ತುಗಳನ್ನೂ ಕಳೆದುಕೊಳ್ಳುತ್ತೇವೆ. ಮುದ್ರೆಯ ಮೇಲೆ ಮುದ್ರೆ ಬಿದ್ದಿದ್ದರೆ ಕೂಡಲೇ ಅನುಮಾನಿಸುವವರಿದ್ದಾರೆ. ಮಾಸ್ಕೋದ ಎನಾಮೆಲ್ ಕುಶಲಕರ್ಮಿ ಫ್ಯೋದೊರ್ ರ್ಯುಕರ್ಟ್ ತಮ್ಮ ಕೆಲಸವನ್ನು ಫಾಬೆರ್ಜೆಗೆ ಮಾರುತ್ತಿದ್ದರು, ಮತ್ತು ಅವರ ಅಕ್ಷರಗಳ ಮೇಲೆಯೇ ಫಾಬೆರ್ಜೆ ಹೆಸರನ್ನು ಒತ್ತಿರುವ ಅಸಲಿ ಪಾತ್ರೆಗಳಿವೆ. ಸಣ್ಣ ವಸ್ತುಗಳಲ್ಲಿ ಜಾಗವಿಲ್ಲದೆ ಮುದ್ರೆ ಬಿಟ್ಟುಹೋದದ್ದೂ ಇದೆ, ಮೂರು ತಲೆಮಾರು ಉಜ್ಜಿ ತೊಳೆದು ಅಳಿದುಹೋದದ್ದೂ ಇದೆ.

ಬೇರೆ ದೇಶದ ಮುದ್ರೆ ಕಂಡರೂ ಗಾಬರಿ ಬೇಡ. ಫಾಬೆರ್ಜೆಯ ಲಂಡನ್ ಶಾಖೆಗೂ ಅಲ್ಲಿ ಚಿನ್ನ ಬೆಳ್ಳಿ ಪರೀಕ್ಷಿಸಿ ಮುದ್ರೆ ಹಾಕುವ ಗೋಲ್ಡ್‌ಸ್ಮಿತ್ಸ್ ಕಂಪನಿಗೂ ನಡೆದ ಮೊಕದ್ದಮೆಯಲ್ಲಿ 1910ರಲ್ಲಿ ಫಾಬೆರ್ಜೆಗೆ ಸೋಲಾಯಿತು. ಲಂಡನ್ನಿನಲ್ಲಿ ಮಾರುವ ವಸ್ತುಗಳು ಅಲ್ಲಿಯ ಪರೀಕ್ಷೆಗೆ ಒಳಪಡಬೇಕಾಯಿತು. ಆಗ ಇಂಗ್ಲೆಂಡಿನ ಮಟ್ಟ 925 ಆಗಿದ್ದರಿಂದ 84ರ ಬೆಳ್ಳಿ ಅಲ್ಲಿ ತೇರ್ಗಡೆಯಾಗುತ್ತಿರಲಿಲ್ಲ. ಅದಕ್ಕಾಗಿ 91ರ ಬೆಳ್ಳಿಯಲ್ಲಿ ವಸ್ತುಗಳನ್ನು ಮಾಡಿ ಕಳುಹಿಸಿದರು. ಹಾಗಾಗಿ ರಷ್ಯಾದ 91 ಮತ್ತು ಲಂಡನ್ನಿನ ಆಮದು ಮುದ್ರೆ ಒಟ್ಟಿಗಿದ್ದರೆ ಅದು ಗೊಂದಲವಲ್ಲ, ಒಂದು ವ್ಯಾಜ್ಯದ ದಾಖಲೆ.

ಹಳೆಮೊಹರು ಉತ್ತರಿಸಿದ್ದು:

ಪ್ರತಿವಾದಿಯವರ ಮಾತು ಒಪ್ಪತಕ್ಕದ್ದೇ, ಆದರೆ ಅವರು ಕೊಟ್ಟ ಉದಾಹರಣೆಗಳಲ್ಲಿಯೇ ನನ್ನ ಉತ್ತರವೂ ಇದೆ. ರ್ಯುಕರ್ಟ್ ಮತ್ತು ಫಾಬೆರ್ಜೆ ಒಂದೇ ನಗರದಲ್ಲಿ, ಒಂದೇ ಕಾಲದಲ್ಲಿ, ಪರಸ್ಪರ ವ್ಯವಹಾರ ಇಟ್ಟುಕೊಂಡವರು. 91 ಮತ್ತು ಲಂಡನ್ ಮುದ್ರೆಗಳ ಜೋಡಿಗೆ 1910ರ ತೀರ್ಪು ಕಾರಣ ಒದಗಿಸುತ್ತದೆ. ರೂಢಿ ತಪ್ಪಿದ ಜೋಡಣೆಗೆ ಇಂತಹ ಕಾರಣ ಸಿಗುವಂತಿದ್ದರೆ ತಾಳ್ಮೆಯಿಂದ ಹುಡುಕೋಣ. 1903ರಲ್ಲಿ ತೀರಿಕೊಂಡವರ ಹೆಸರಿನೊಂದಿಗೆ 1908ರ ಮುದ್ರೆ ಬರಲು ಅಂತಹ ಯಾವ ಕಾರಣವೂ ಸಾಲದು.

1899ಕ್ಕೆ ಮುಂಚಿನ ಬೆಳ್ಳಿಯಲ್ಲಿ ಈ ಹೋಲಿಕೆ ಇನ್ನೂ ಫಲಕಾರಿ, ಏಕೆಂದರೆ ಅಲ್ಲಿ ಸಾಕ್ಷಿಗಳು ಹೆಚ್ಚು: ತಯಾರಕರ ಅಕ್ಷರಗಳು, ನಗರದ ಲಾಂಛನ, ಶುದ್ಧತೆಯ ಅಂಕಿ, ಜೊತೆಗೆ ಪರೀಕ್ಷಕರ ಅಕ್ಷರಗಳು ಮತ್ತು ಅವುಗಳ ಕೆಳಗೆ ಇಸವಿ. ಮಾಸ್ಕೋದ್ದಾದರೆ ಕುದುರೆಯೇರಿ ಡ್ರ್ಯಾಗನ್ ಕೊಲ್ಲುವ ಸಂತ ಜಾರ್ಜ್ ಇರುತ್ತಾರೆ. ಆ ನಗರದ ಪರೀಕ್ಷಕರಲ್ಲಿ ವಿಕ್ತೊರ್ ಸಾವಿನ್‌ಕೊವ್ ಅವರ ಮುದ್ರೆ 1855ರಿಂದ 1888ರವರೆಗಿನ ವಸ್ತುಗಳ ಮೇಲೆ ಬರುತ್ತದೆ. ಇಂಗ್ಲಿಷ್ ಓದುವವರ ಕಣ್ಣಿಗೆ ಅದು 'ಬಿ.ಸಿ.' ಎಂದು ಕಾಣುತ್ತದೆ. ಅದೇ ಅಕ್ಷರಗಳ ಕೆಳಗೆ 1896 ಎಂದಿದ್ದರೆ, ಅಥವಾ ಪಕ್ಕದಲ್ಲಿ ಪೀಟರ್ಸ್‌ಬರ್ಗಿನ ಲಂಗರುಗಳಿದ್ದರೆ, ಅಚ್ಚು ಕೆತ್ತಿದವರು ಎರಡು ಬೇರೆ ಚಿತ್ರಗಳನ್ನು ನೋಡಿ ಕೂಡಿಸಿದ್ದಾರೆ. ಪರೀಕ್ಷಕರ ಹೆಸರು, ಊರು ಮತ್ತು ಸೇವಾವಧಿಯನ್ನು ಕೊಡುವ ಮುದ್ರೆಗಳ ಕೋಶಗಳು ರಷ್ಯನ್ ಭಾಷೆಯಲ್ಲಿವೆ. ರಷ್ಯನ್ ಬಾರದಿದ್ದರೂ ಇಸವಿ ಮತ್ತು ಚಿತ್ರಗಳನ್ನು ಹೋಲಿಸಿ ನೋಡಬಹುದು.

ಇನ್ನೊಂದು ಎಚ್ಚರಿಕೆ, ಇದು ಹೆಚ್ಚಾಗಿ ಹೊಸಬರಿಗೆ. ಎರಡು ತಲೆಯ ಹದ್ದು ಕಂಡ ಮಾತ್ರಕ್ಕೆ ಬೆಳ್ಳಿಯೆಂದು ತಿಳಿಯಬೇಡಿ. ಆಗ ರಷ್ಯಾದ ಆಳ್ವಿಕೆಯಲ್ಲಿದ್ದ ವಾರ್ಸಾದ ಫ್ರಾಜೆ ಮತ್ತು ನಾರ್ಬ್ಲಿನ್ ಸಂಸ್ಥೆಗಳು ಬೆಳ್ಳಿಲೇಪದ ಸಾಮಾನುಗಳ ಮೇಲೂ ಹದ್ದನ್ನು ಒತ್ತುತ್ತಿದ್ದವು. ಅವು ನಕಲಿಯಲ್ಲ, ಪ್ರಾಮಾಣಿಕವಾದ ಲೇಪದ ಸಾಮಾನುಗಳೇ. ಅವನ್ನು ಚಕ್ರವರ್ತಿಯ ಬೆಳ್ಳಿಯೆಂದು ಮಾರುವವರು ಮಾತ್ರ ಪ್ರಾಮಾಣಿಕರಲ್ಲ. ಅಲ್ಲಿ 84 ಇರುವುದಿಲ್ಲ.

ಲೋಹಶಾಲೆ ಉತ್ತರಿಸಿದ್ದು:

ಎಕ್ಸ್‌ರೇ ಪ್ರತಿದೀಪ್ತಿ ಯಂತ್ರದ ಬಗ್ಗೆ ಯಾರೂ ಪ್ರಸ್ತಾಪಿಸಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಊರುಗಳ ಹಾಲ್‌ಮಾರ್ಕಿಂಗ್ ಕೇಂದ್ರಗಳಲ್ಲಿಯೂ ಇರುವ ಈ ಯಂತ್ರ ವಸ್ತುವನ್ನು ಗೀರದೆ, ಒರೆಗಲ್ಲಿಗೆ ತಿಕ್ಕದೆ ಲೋಹದ ಪ್ರಮಾಣವನ್ನು ತಿಳಿಸುತ್ತದೆ. ಆದರೆ 875 ಬಂದಿತೆಂದು ವಸ್ತು ಹಳೆಯದಾಗುವುದಿಲ್ಲ. ಇಂದು ಯಾರು ಬೇಕಾದರೂ ಆ ಪ್ರಮಾಣದಲ್ಲಿ ಬೆಳ್ಳಿ ಬೆರೆಸಬಹುದು. ಹೆಚ್ಚು ಮಾತನಾಡುವುದು ಸಣ್ಣ ಪ್ರಮಾಣದ ಧಾತುಗಳು. ಹಳೆಯ ಶುದ್ಧೀಕರಣದ ಬೆಳ್ಳಿಯಲ್ಲಿ ಚಿನ್ನ, ಸೀಸ, ಬಿಸ್ಮತ್‌ಗಳ ಸಣ್ಣ ಅಂಶ ಉಳಿದಿರುವುದು ಸಾಮಾನ್ಯ. ವಿದ್ಯುದ್ವಿಭಜನೆಯಿಂದ ಶುದ್ಧಮಾಡಿದ ಆಧುನಿಕ ಬೆಳ್ಳಿಗೆ ತಾಮ್ರ ಮಾತ್ರ ಬೆರೆಸಿದ್ದರೆ ಅವು ಬಹುಮಟ್ಟಿಗೆ ಇರುವುದಿಲ್ಲ. ಬೆಸುಗೆಯಲ್ಲಿ ಕ್ಯಾಡ್ಮಿಯಂ ಸಿಕ್ಕರೆ ಆ ಬೆಸುಗೆ 20ನೆಯ ಶತಮಾನದ್ದು. ಅದು ಆಮೇಲಿನ ದುರಸ್ತಿಯೂ ಇರಬಹುದಾದ್ದರಿಂದ ಒಂದೇ ಜಾಗದಲ್ಲಿ ಅಳೆದು ತೀರ್ಮಾನಿಸಬಾರದು.

ಮೇಲ್ಮೈ ಮೋಸಮಾಡುತ್ತದೆ ಎಂಬುದನ್ನೂ ನೆನಪಿಡಬೇಕು. ಬೆಳ್ಳಿಯನ್ನು ಕಾಯಿಸಿ ಆಮ್ಲದಲ್ಲಿ ಅದ್ದಿದಾಗ ಮೇಲ್ಪದರದ ತಾಮ್ರ ಕರಗಿಹೋಗಿ ಅಲ್ಲಿ ಶುದ್ಧತೆ ಹೆಚ್ಚಾಗಿ ಕಾಣುತ್ತದೆ.

ಮಾಸ್ಕೋಮೇಲ್ ಉತ್ತರಿಸಿದ್ದು:

ಚರ್ಚೆಗೆ ಸ್ವಲ್ಪ ಹೊರಗಿನ ಪ್ರಶ್ನೆ, ಕ್ಷಮೆಯಿರಲಿ. ಸೋವಿಯತ್ ಒಕ್ಕೂಟದ ಕಾಲದಲ್ಲಿ ಅಲ್ಲಿ ವೈದ್ಯಕೀಯ ಓದಿ ಬಂದ ನಮ್ಮ ಚಿಕ್ಕಪ್ಪನವರ ಬಳಿ ಚಹಾದ ಗಾಜಿನ ಲೋಟ ಇರಿಸುವ ಹಿಡಿಯುಳ್ಳ ಹೊರಕವಚಗಳು ಎರಡು ಇವೆ. ಒಂದರ ತಳದಲ್ಲಿ ನಕ್ಷತ್ರದೊಳಗೆ ಸುತ್ತಿಗೆ ಕುಡುಗೋಲು ಮತ್ತು 875, ಇನ್ನೊಂದರಲ್ಲಿ ಮೂರು ರಷ್ಯನ್ ಅಕ್ಷರಗಳು ಮಾತ್ರ. ಇವುಗಳನ್ನು ಪುರಾತನ ರಷ್ಯನ್ ಬೆಳ್ಳಿ ಎನ್ನಬಹುದೇ?

ಹಳೆಮೊಹರು ಉತ್ತರಿಸಿದ್ದು:

ಹೊರಗಿನ ಪ್ರಶ್ನೆಯೇನೂ ಅಲ್ಲ. ಕರ್ನಾಟಕದ ಮನೆಗಳಲ್ಲಿ ನಿಜವಾಗಿ ಸಿಗುವ ರಷ್ಯನ್ ಬೆಳ್ಳಿ ಬಹುತೇಕ ಇದೇ. ಮೊದಲನೆಯದು ಬೆಳ್ಳಿ ಹೌದು, ಚಕ್ರವರ್ತಿಗಳ ಕಾಲದ್ದಲ್ಲ. ಸೋವಿಯತ್ ಸರ್ಕಾರ ಜೊಲೊತ್ನಿಕ್ ಬಿಟ್ಟು ಸಾವಿರದ ಲೆಕ್ಕ ತಂದಿತು. 1927ರಿಂದ 1958ರವರೆಗೆ ಸುತ್ತಿಗೆ ಹಿಡಿದ ಕಾರ್ಮಿಕನ ತಲೆ, 1958ರಿಂದ ನೀವು ಹೇಳಿದ ನಕ್ಷತ್ರ. ಇನ್ನೊಂದರ ಮೇಲಿನ ಅಕ್ಷರಗಳು ಎಂ, ಎನ್, ತ್ಸ ಎಂದಿದ್ದರೆ ಅದು ತಾಮ್ರ, ನಿಕ್ಕಲ್, ಸತುಗಳ ಮಿಶ್ರಲೋಹ, ಮೇಲೆ ಬೆಳ್ಳಿಯ ಲೇಪ. ಕೊಲ್ಚುಗಿನೊ ಕಾರ್ಖಾನೆಯಿಂದ ಇಂತಹವು ಲೆಕ್ಕವಿಲ್ಲದಷ್ಟು ಬಂದಿವೆ, ನೋಡಲು ಸೊಗಸಾಗಿಯೂ ಇರುತ್ತವೆ.

ಇದೇ ಸಂದರ್ಭದಲ್ಲಿ ಒಂದು ಮಾತು. 1994ರಿಂದ ಇಂದಿನ ರಷ್ಯಾ ಮತ್ತೆ ಬಲಕ್ಕೆ ನೋಡುವ ಕೊಕೋಶ್ನಿಕ್ ತಲೆಯನ್ನೇ ಅಧಿಕೃತ ಮುದ್ರೆಯಾಗಿ ಬಳಸುತ್ತಿದೆ. ತಲೆಯ ಜೊತೆಗೆ 925 ಅಥವಾ 875 ಎಂದಿದ್ದರೆ ಅದು ಕಾನೂನುಬದ್ಧವಾದ ಹೊಸ ಸಾಮಾನು. 84 ಎಂದಿದ್ದರೆ ಮಾತ್ರ 1917ರ ಆಸುಪಾಸಿಗೆ ಹಿಂದಿನದೆಂಬ ಹೇಳಿಕೆ. 84 ಮತ್ತು 925 ಎರಡೂ ಒಂದೇ ವಸ್ತುವಿನ ಮೇಲಿದ್ದರೆ ಆ ಮಾರಾಟಗಾರರ ಉಳಿದ ಸಾಮಾನುಗಳನ್ನೂ ನೋಡುವ ಶ್ರಮ ಬೇಡ.

ಕೌತುಕಿ ಬರೆದದ್ದು:

ಎಲ್ಲರಿಗೂ ಕೃತಜ್ಞತೆಗಳು. ಮಾರಾಟಗಾರರಿಂದ ಇನ್ನಷ್ಟು ಚಿತ್ರಗಳನ್ನು ತರಿಸಿಕೊಂಡೆ. ಹಿಡಿಯು ಬಟ್ಟಲಿಗೆ ಸೇರುವ ಜಾಗದ ಕೆಳಗೆ ಅರ್ಧ ಉಜ್ಜಿದಂತಿರುವ ಇನ್ನೊಂದು ಗುರುತಿದೆ. ಅರ್ಧಚಂದ್ರದಂತಹ ಒಂದು ಬಾಗು, ಪಕ್ಕದಲ್ಲಿ ಕಿರೀಟದ ತುದಿಗಳಿರಬಹುದಾದ ಚುಕ್ಕೆಗಳು, ಆಮೇಲೆ ಎರಡು ಸೊನ್ನೆಗಳು. ಮಾರಾಟಗಾರರು ಅದನ್ನು ಹಳೆಯ ಗೀರು ಎನ್ನುತ್ತಾರೆ. ಪೆರ್ಖಿನ್ ಹೆಸರಿನ ವಿಷಯ ಕೇಳಿದ್ದಕ್ಕೆ, ಪಾತ್ರೆ ಅವರ ಜೀವಿತಕಾಲದಲ್ಲಿ ತಯಾರಾಗಿ 1908ರ ನಂತರ ಮಾಸ್ಕೋದಲ್ಲಿ ಮತ್ತೊಮ್ಮೆ ಪರೀಕ್ಷೆಗೆ ಹೋಗಿರಬಹುದೆಂದು ಉತ್ತರ ಬಂದಿದೆ.

ಪ್ರತಿವಾದಿ ಉತ್ತರಿಸಿದ್ದು:

ಆ ಉತ್ತರವನ್ನು ನಾನೂ ಒಪ್ಪುವುದಿಲ್ಲ. ಎರಡನೆಯ ಬಾರಿ ಪರೀಕ್ಷೆಗೆ ಹೋಗಿದ್ದರೆ ಮೊದಲ ಪರೀಕ್ಷೆಯ ಮುದ್ರೆ ಎಲ್ಲಿ? ಅದು ಅಳಿಯುವಷ್ಟು ಸವೆದಿದ್ದರೆ ಪಕ್ಕದಲ್ಲಿರುವ ಪೆರ್ಖಿನ್ ಅಕ್ಷರಗಳೂ ಸವೆದಿರಬೇಕಿತ್ತು. ಸವೆತ ತನಗೆ ಬೇಡವಾದದ್ದನ್ನು ಮಾತ್ರ ಆರಿಸಿಕೊಳ್ಳುವುದಿಲ್ಲ.

ಹಳೆಮೊಹರು ಉತ್ತರಿಸಿದ್ದು:

ಅರ್ಧಚಂದ್ರ, ಕಿರೀಟ ಮತ್ತು 800 ಸೇರಿದರೆ ಅದು 1888ರಿಂದ ಜರ್ಮನಿಯಲ್ಲಿ ಬಳಕೆಗೆ ಬಂದ ಬೆಳ್ಳಿಯ ಮುದ್ರೆ. ನಿಮಗೆ ಕಂಡದ್ದು ಅದೇ ಆಗಿದ್ದರೆ ಬಟ್ಟಲು ಜರ್ಮನಿಯ ಸಾಧಾರಣ ಸಾಮಾನು. ಹಿಡಿ, ಎನಾಮೆಲ್ ಮತ್ತು ರಷ್ಯನ್ ಮುದ್ರೆಗಳು ಆಮೇಲೆ ಸೇರಿದವು. ಪ್ರತಿವಾದಿಯವರು ಹೇಳಿದ ಲಂಡನ್ ಮುದ್ರೆಗಿಂತ ಇದು ಹೇಗೆ ಬೇರೆ ಎಂಬುದನ್ನು ಗಮನಿಸಿ: ಆಮದು ಮುದ್ರೆಯನ್ನು ಯಾರೂ ಉಜ್ಜಿ ಅಳಿಸುವುದಿಲ್ಲ, ಅದು ವಸ್ತುವಿನ ಬೆಲೆಯನ್ನು ಹೆಚ್ಚಿಸುತ್ತದೆ. ಇಲ್ಲಿ ಅಳಿಸಲು ಯಾರೋ ಪ್ರಯತ್ನಪಟ್ಟಿದ್ದಾರೆ.

ಲೋಹಶಾಲೆ ಉತ್ತರಿಸಿದ್ದು:

ಹಾಗಾದರೆ ಯಂತ್ರಕ್ಕೆ ಈಗ ಸರಿಯಾದ ಪ್ರಶ್ನೆ ಸಿಕ್ಕಿತು. ಬಟ್ಟಲಿನ ಲೋಹ 800 ಬರುತ್ತದೆಯೋ 875 ಬರುತ್ತದೆಯೋ? ಬಟ್ಟಲು ಮತ್ತು ಹಿಡಿಯನ್ನು ಬೇರೆ ಬೇರೆಯಾಗಿ ಅಳೆಯಲು ಹೇಳಿ. ನಡುವಿನ ಬೆಸುಗೆಯಲ್ಲಿ ಕ್ಯಾಡ್ಮಿಯಂ ಇದೆಯೇ ಎಂದೂ ನೋಡಲಿ.

ಕುಲುಮೆಮನೆ ಉತ್ತರಿಸಿದ್ದು:

ಎಲ್ಲಿ ಅಳೆಯಬೇಕು ಎಂಬುದನ್ನೂ ಬರೆದು ಕಳುಹಿಸಿ, ಇಲ್ಲದಿದ್ದರೆ ಗಿಲೀಟಿನ ಮೇಲೆ ಅಳೆದು ಏನೋ ಒಂದು ಅಂಕಿ ಕೊಡುತ್ತಾರೆ. ಆ ಗುರುತನ್ನು ಉಜ್ಜಿದ ಜಾಗವೇ ಸೂಕ್ತ. ಅಲ್ಲಿ ಅರ ಹಾಕಿದ್ದರಿಂದ ಮೇಲ್ಪದರ ಈಗಾಗಲೇ ಹೋಗಿ ಒಳಲೋಹ ಹೊರಬಂದಿದೆ.